ಶತ್ರು ಪಾರ್ಟಿನವರು ಮಾತಾಡುವಂತಿಲ್ಲ

ಮೊನ್ನೆ ಹೊಸ ಶಿಬಿರಕ್ಕೆಂದು ಅಟ್ಟದ ಮೇಲಿನ ಟ್ರಂಕು ಇಳಿಸಿ ಮುಚ್ಚಳ ತೆಗೆದೆ. ಸ್ಪಿರಿಟ್ ಗಮ್ಮಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಮೀಸೆ ಅಂಟಿಸುವ ಅಂಟು ಅದು. ಬಾಟಲಿಯ ಬಿರಡೆ ಸಡಿಲಾಗಿ, ಅರ್ಧ ಅಂಟು ಒಂದು ಜರಿ ರುಮಾಲಿಗೂ ಎರಡು ಗಡ್ಡಗಳಿಗೂ ಮೆತ್ತಿಕೊಂಡು ಗಟ್ಟಿಯಾಗಿತ್ತು. ನೀವು ಎಂದಾದರೂ ಮೀಸೆ ಅಂಟಿಸಿಕೊಂಡವರಾದರೆ ಈ ವಾಸನೆ ನಿಮಗೆ ಗೊತ್ತಿರುತ್ತದೆ. ಇಲ್ಲವಾದರೆ ಹೇಳಿ ತಿಳಿಸುವುದು ಕಷ್ಟ. ಆಸ್ಪತ್ರೆಯ ವಾಸನೆಗೆ ಸ್ವಲ್ಪ ಗೋಂದು ಕಲಸಿದ ಹಾಗೆ ಎನ್ನಬಹುದೇನೋ. ನನಗಂತೂ ಅದು ಮೂಗಿಗೆ ಬಿದ್ದರೆ ಸಾಕು, ಮೇಲ್ದುಟಿ ತುರಿಸತೊಡಗುತ್ತದೆ, ಎದೆ ಢವಢವ ಎನ್ನುತ್ತದೆ, ಯಾರೊಂದಿಗೋ ಮಾತಾಡಬಾರದು ಎನ್ನುವುದು ನೆನಪಾಗುತ್ತದೆ. ಯಾರೊಂದಿಗೆ, ಯಾಕೆ ಎಂದು ಹೇಳುತ್ತೇನೆ. ಸುತ್ತಿ ಬಳಸಿ ಹೇಳುವುದು ನನ್ನ ಅಭ್ಯಾಸ, ದಯವಿಟ್ಟು ಸಹಿಸಿಕೊಳ್ಳಿ.

ನನ್ನ ಕಸುಬು ಮಕ್ಕಳಿಗೆ ನಾಟಕ ಕಲಿಸುವುದು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಅಂತ ಬಸ್ಸು ಹೋಗುವ ಕಡೆಗೆಲ್ಲ ಟ್ರಂಕು ಹೊತ್ತುಕೊಂಡು ಹೋಗುತ್ತೇನೆ. "ಏನೈತ್ರಿ ಇದರಾಗ, ಇಷ್ಟು ಭಾರ?" ಎಂದು ಕಂಡಕ್ಟರು ಕೇಳಿದರೆ "ಎರಡು ರಾಜ್ಯ, ಎಂಟು ಗಡ್ಡ" ಎನ್ನುತ್ತೇನೆ. ಅವರು ನಗುವುದಿಲ್ಲ. ಲಗೇಜಿನ ಟಿಕೀಟು ಹರಿದು ಕೊಡುತ್ತಾರೆ. ಮಕ್ಕಳಿಗೆ "ಹೆದರಬೇಡಿ, ಧೈರ್ಯವಾಗಿ ನಿಂತುಕೊಳ್ಳಿ" ಎಂದು ಹೇಳಿಕೊಡುವುದೇ ನನ್ನ ಹೊಟ್ಟೆಪಾಡಾದರೂ ನಾನು ಹುಟ್ಟಾ ಅಂಜುಬುರುಕಿ. ಪರದೆ ಏಳುವ ಮೊದಲು ನಾಲ್ಕು ಸಲ ಬಚ್ಚಲಿಗೆ ಹೋಗುತ್ತೇನೆ. ಹಗ್ಗ ಸಿಕ್ಕಿಹಾಕಿಕೊಂಡರೆ, ರಾಜನ ಧೋತರ ಬಿಚ್ಚಿಹೋದರೆ, ರಾಣಿ ಮಾತು ಮರೆತು ಅವ್ವನನ್ನು ಕರೆದರೆ ಎಂದು ಒಂದು ವಾರ ಮೊದಲೇ ಶುರುವಾಗುತ್ತದೆ ನನ್ನ ಚಿಂತೆ. ಆದರೆ ಇವೆಲ್ಲ ಚಿಲ್ಲರೆ ಹೆದರಿಕೆಗಳು. ದೊಡ್ಡದು ಬೇರೆಯೇ ಇದೆ.

ನಾನು ಓದಿದ್ದು ಕೊಟ್ಟೂರಿನ ಒಂದು ಹೈಸ್ಕೂಲಿನಲ್ಲಿ. ತೊಂಬತ್ತರ ದಶಕದ ಮೊದಮೊದಲ ವರ್ಷಗಳು. ನಾವು ಹತ್ತನೇ ತರಗತಿಯಲ್ಲಿದ್ದಾಗ ಹೆಡ್‌ಮಿಸ್ಸಿಗೆ ಅದೇನು ಹುಕಿ ಬಂತೋ, ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಪ್ರತಿವರ್ಷದ ಕೋಲಾಟ ಬೇಡ, ಹುಡುಗಿಯರಿಂದ ನಾಟಕ ಮಾಡಿಸೋಣ ಎಂದು ಉಜ್ಜಿನಿ ಕಡೆಯಿಂದ ಒಬ್ಬ ನಾಟಕದ ಮೇಷ್ಟ್ರನ್ನು ಕರೆಸಿದರು. ಅವರೇ ಚನ್ನಪ್ಪ ಮೇಷ್ಟ್ರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಂಪನಿ ನಾಟಕಗಳಲ್ಲಿ ಬರೀ ಖಳನಾಯಕನ ಪಾರ್ಟು ಮಾಡಿದವರು. ಕಂಪನಿ ಮುಚ್ಚಿದ ಮೇಲೆ ಹಾರ್ಮೋನಿಯಂ ಪೆಟ್ಟಿಗೆ ಕಟ್ಟಿಕೊಂಡು ಊರೂರು ತಿರುಗಿ ನಾಟಕ ಕಲಿಸುತ್ತಿದ್ದರು. ಖಳನಾಯಕ ಎಂದರೆ ನಾವು ಏನೇನೋ ಊಹಿಸಿಕೊಂಡಿದ್ದೆವು. ಬಂದವರು ನೋಡಿದರೆ ಸಣ್ಣ ದನಿಯ, ಬಿಳಿ ಧೋತರದ, ಚಹಾವನ್ನು ಸಾಸರಿಗೆ ಬಗ್ಗಿಸಿ ಊದಿ ಕುಡಿಯುವ ಮನುಷ್ಯ. ನಾಯಿ ಕಂಡರೆ ನಮ್ಮ ಹಿಂದೆ ಬಂದು ನಿಲ್ಲುತ್ತಿದ್ದರು. ಆದರೆ ಪಾರ್ಟು ತೋರಿಸಿಕೊಡಲು ಎದ್ದು ನಿಂತರೆ ಅದೇ ಗಂಟಲಿನಿಂದ ಗೋಡೆ ನಡುಗುವ ಗುಡುಗು ಬರುತ್ತಿತ್ತು. ಮೊದಲ ದಿನ ಅವರು ನಕ್ಕು ತೋರಿಸಿದಾಗ ಎಂಟನೇ ತರಗತಿಯ ಹುಡುಗಿಯೊಬ್ಬಳು ಅತ್ತೇಬಿಟ್ಟಳು.

ಅವರ ಕಲಿಸುವ ರೀತಿಯೇ ಬೇರೆ. ನಾಲ್ಕು ದಿನ ಒಂದು ಮಾತನ್ನೂ ಹೇಳಿಕೊಡಲಿಲ್ಲ. ತಲೆಯ ಮೇಲೆ ಬರೆಯುವ ಪಾಟಿ ಇಟ್ಟು ನಡೆಸಿದರು. ಪಾಟಿ ಬೀಳದೆ ಹತ್ತು ಸುತ್ತು ಹಾಕಿದವರಿಗೆ ಮಾತ್ರ ಪಾರ್ಟು. ನಾಟಕ ಅವರೇ ಪೆನ್ಸಿಲಿನಲ್ಲಿ ಬರೆದದ್ದು. ಒಂದು ಹಳ್ಳದ ನೀರಿಗಾಗಿ ಕಾದಾಡುವ ಇಬ್ಬರು ಪಾಳೇಗಾರರ ಕಥೆ. ಬಲದಂಡೆಯ ನಾಯಕ ನಾನು, ಎಡದಂಡೆಯ ನಾಯಕ ಕೊಟ್ರಿ.

ಕೊಟ್ರಿಯ ವಿಷಯಕ್ಕೆ ಬಂದೆ ನೋಡಿ. ಹಾಜರಿ ಪುಸ್ತಕದಲ್ಲಿ ಕೊಟ್ರಮ್ಮ, ಮಿಕ್ಕ ಎಲ್ಲರ ಬಾಯಲ್ಲಿ ಕೊಟ್ರಿ. ಅವರಪ್ಪನದು ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪು. ನಮ್ಮ ಮನೆ ಊರಿನ ಆ ತುದಿಗೆ. ಎಂಟನೇ ತರಗತಿಯಿಂದ ನಾವಿಬ್ಬರೂ ಒಂದೇ ಬೆಂಚು. ಶಾಲೆ ಬಿಟ್ಟ ಮೇಲೆ ಅವಳು ನನ್ನನ್ನು ಮನೆಗೆ ಬಿಡಲು ಬರುತ್ತಿದ್ದಳು. ಮಾತು ಮುಗಿಯದೆ ನಾನು ಅವಳನ್ನು ಬಿಡಲು ಹೋಗುತ್ತಿದ್ದೆ. ಅಲ್ಲೂ ಮುಗಿಯದೆ ಅವಳು ಮತ್ತೆ ಅರ್ಧ ದಾರಿ ಬರುತ್ತಿದ್ದಳು. ಏನು ಮಾತಾಡುತ್ತಿದ್ದೆವು ಎಂದು ಈಗ ಕೇಳಿದರೆ ಒಂದೂ ನೆನಪಿಲ್ಲ. "ನಿಮ್ಮಿಬ್ಬರ ಮಾತು ನೇಯ್ದಿದ್ರ ಇಷ್ಟೊತ್ತಿಗೆ ಹತ್ತು ಸೀರಿ ಆಗ್ತಿದ್ದವು" ಎಂದು ನಮ್ಮಮ್ಮ ಬೈಯುತ್ತಿದ್ದಳು. ಮನೆಯಲ್ಲಿ ನಾನು ಒಬ್ಬಳೇ ಮಗಳು. ಏನಾದರೂ ಹೆದರಿಕೆಯಾದರೆ, ಆಗುತ್ತಲೇ ಇತ್ತು, ಅದನ್ನು ಕೊಟ್ರಿಗೆ ಹೇಳುವ ತನಕ ನನಗೆ ಊಟ ಸೇರುತ್ತಿರಲಿಲ್ಲ. ಅವಳು ಕೇಳಿ "ಇಷ್ಟಾ?" ಎನ್ನುತ್ತಿದ್ದಳು. ಅಲ್ಲಿಗೆ ಅದು ಇಷ್ಟೇ ಆಗಿಬಿಡುತ್ತಿತ್ತು.

ಪಾರ್ಟು ಹಂಚಿದ ದಿನ ಮೇಷ್ಟ್ರು ನಮ್ಮಿಬ್ಬರನ್ನೂ ಎದುರು ಬದುರು ನಿಲ್ಲಿಸಿ ಜಗಳದ ಮಾತು ಹೇಳಿಸಿದರು. ನಾವು ಎರಡು ಸಾಲು ಹೇಳುವಷ್ಟರಲ್ಲಿ ಕಿಸಕ್ಕನೆ ನಕ್ಕೆವು. ಮೂರು ಸಲ ಹೀಗೇ ಆಯಿತು. ಮೇಷ್ಟ್ರು ಬೈಯಲಿಲ್ಲ. ಹಾರ್ಮೋನಿಯಂ ಮುಚ್ಚಿ, ಅದರ ಮೇಲೆ ನಮ್ಮಿಬ್ಬರ ಕೈ ಇಡಿಸಿದರು.

"ಸಿಟ್ಟು ಸ್ಟೇಜಿನ ಮ್ಯಾಲೆ ಹುಟ್ಟಂಗಿಲ್ರವ್ವ. ಮನಿಯಿಂದ ಹೊತ್ಕೊಂಡು ಬರಬೇಕು. ಇವತ್ತಿನಿಂದ ನಾಟಕದ ತನಕ ನೀವಿಬ್ರೂ ಮಾತಾಡಂಗಿಲ್ಲ. ಸಾಲ್ಯಾಗೂ ಇಲ್ಲ, ದಾರ್ಯಾಗೂ ಇಲ್ಲ. ಶತ್ರು ಪಾರ್ಟಿನವರು ಮಾತಾಡಂಗಿಲ್ಲ, ಇದು ಕಂಪನಿ ಪದ್ಧತಿ."

"ನಾವು ಒಂದಾ ಬೆಂಚಿನಾಗ ಕುಂದರ್ತೀವಿ ಸಾರ್" ಎಂದಳು ಕೊಟ್ರಿ.

"ಬೆಂಚು ಬದ್ಲಿ ಮಾಡ್ರಿ."

"ಚೀಟಿ ಬರಕೊಳ್ಳಬೌದಾ ಸಾರ್?" ಎಂದೆ ನಾನು.

"ಚೀಟಿನೂ ಮಾತ. ನಾಟಕ ಮುಗಿದ ಮ್ಯಾಲೆ ನಾನಾ ನಿಮ್ಮಿಬ್ರಿಗೂ ಒಂದಾ ಪೇಪರಿನಾಗ ಮಂಡಕ್ಕಿ ತಿನ್ನಿಸಿ ಈ ಕಟ್ಟು ಬಿಡಿಸ್ತೀನಿ. ನಾ ಬಿಡಿಸೋತನ ಬಾಯಿ ಬಂದ್."

ಆಮೇಲೆ ತಮ್ಮ ಕಥೆ ಹೇಳಿದರು. ಕಂಪನಿಯಲ್ಲಿ ಅವರೂ ಹೀರೋ ಪಾರ್ಟಿನವನೂ ಒಂದೇ ಬಿಡಾರದಲ್ಲಿದ್ದು, ಬೆನ್ನು ತಿರುಗಿಸಿ ಕೂತು ಉಂಡು, ಎರಡು ಕ್ಯಾಂಪು, ಅಂದರೆ ಎರಡು ಊರಿನ ಮೊಕ್ಕಾಂ ಪೂರ್ತಿ, ಒಂದು ಮಾತೂ ಆಡದೆ ಕಳೆದರಂತೆ. ಜನ ಇವರ ಕಣ್ಣಿನ ಕಿಚ್ಚು ನೋಡಲೆಂದೇ ಬರುತ್ತಿದ್ದರಂತೆ. "ಮೂರನೇ ಕ್ಯಾಂಪಿಗೆ ಆತ ಬ್ಯಾರೆ ಕಂಪನಿ ಸೇರಿದ. ಇವತ್ತಿಗೂ ಮಾತಿಲ್ಲ ನೋಡ್ರಿ!" ಎಂದು ಎದೆಯುಬ್ಬಿಸಿ ಹೇಳಿದರು. ನಾವು ಚಪ್ಪಾಳೆ ತಟ್ಟಿದೆವು. ಚಪ್ಪಾಳೆ ತಟ್ಟುವಂಥದ್ದು ಅದರಲ್ಲಿ ಏನಿತ್ತು ಎಂದು ನಾನು ಕೇಳಿಕೊಂಡಿದ್ದು ಬಹಳ ವರ್ಷದ ಮೇಲೆ.

ಮೊದಲ ಎರಡು ಮೂರು ದಿನ ಅದೊಂದು ಮೋಜು. ರಸ್ತೆಯ ಈ ಬದಿ ನಾನು, ಆ ಬದಿ ಅವಳು, ಇಬ್ಬರೂ ಗಂಭೀರವಾಗಿ ಗದ್ದ ಎತ್ತಿಕೊಂಡು ಹೋಗುತ್ತಿದ್ದೆವು. ನಡುವೆ ಎತ್ತಿನ ಗಾಡಿ ಬಂದರೆ ಅದರ ಮರೆಯಲ್ಲಿ ನಕ್ಕು, ಗಾಡಿ ದಾಟುವಷ್ಟರಲ್ಲಿ ಮತ್ತೆ ಹುಬ್ಬು ಗಂಟಿಕ್ಕುತ್ತಿದ್ದೆವು. ವಾರ ಕಳೆಯುವಷ್ಟರಲ್ಲಿ ಮೋಜು ಇಳಿಯಿತು. ಅವಳು ಶಾರದಾ ಎಂಬ ಹುಡುಗಿಯ ಪಕ್ಕ ಕೂರುತ್ತಿದ್ದಳು. ಶಾರದಾ ಅವರ ಓಣಿಯವಳು. ಇಬ್ಬರೂ ಏನೋ ಹೇಳಿಕೊಂಡು ನಕ್ಕರೆ ನನ್ನನ್ನೇ ಆಡಿಕೊಂಡು ನಕ್ಕಂತೆ ಕಾಣುತ್ತಿತ್ತು. ಇವಳಿಗೆ ನಾನಿಲ್ಲದೆಯೂ ಆಗುತ್ತದೆ, ಮಾತಿಲ್ಲದ್ದು ಇವಳಿಗೆ ಆರಾಮವೇ ಆಗಿದೆ ಎಂಬ ಹೆದರಿಕೆ ಒಳಗೆ ಹೊಕ್ಕಿತು. ಹೆದರಿಕೆ ಹೇಳಿಕೊಳ್ಳಲು ಇದ್ದವಳು ಅವಳೊಬ್ಬಳೇ. ತಾಲೀಮಿನಲ್ಲಿ ಅವಳ ಮುಂದೆ ನಿಂತು "ನಿನ್ನ ಕೋಟೆಯ ಕಲ್ಲು ಕಲ್ಲನ್ನೂ ಹಳ್ಳಕ್ಕೆ ಎಸೆಯುತ್ತೇನೆ" ಎಂದು ಕೂಗುವಾಗ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. "ಭೇಷ್! ಬಂತು ನೋಡು ಸಿಟ್ಟು!" ಎನ್ನುತ್ತಿದ್ದರು ಮೇಷ್ಟ್ರು. ಅದು ಸಿಟ್ಟಲ್ಲ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಇಷ್ಟು ಸಾಲದೆಂದು ಅವರು ನಮ್ಮನ್ನು ಪರೀಕ್ಷೆ ಬೇರೆ ಮಾಡುತ್ತಿದ್ದರು. ಒಂದು ದಿನ ಊಟದ ಬಿಡುವಿನಲ್ಲಿ ಶಾರದಾ ಓಡಿಬಂದು, "ಏ, ಕೊಟ್ರಿ ನಿನ್ನ ಕರಿಯಾಕತ್ತಾಳ, ನೀರಿನ ಟಾಕಿ ಹಿಂದ, ಅರ್ಜಂಟ್ ಅಂತ" ಎಂದಳು. ನಾನು ಅರ್ಧ ಊಟ ಬಿಟ್ಟು ಓಡಿದೆ. ಟಾಕಿಯ ಹಿಂದೆ ಮೇಷ್ಟ್ರು ಕೈ ಕಟ್ಟಿಕೊಂಡು ನಿಂತಿದ್ದರು. "ಸೋತಿ" ಎಂದರು. ಸಂಜೆ ತಾಲೀಮಿನಲ್ಲಿ ಎಲ್ಲರ ಮುಂದೆ, "ಇನ್ನೊಮ್ಮಿ ಹಿಂಗ ಮಾಡಿದ್ರ ನಿನ್ನ ಮೀಸಿ ಶಾರದಾಗ ಅಂಟಿಸ್ತೀನಿ" ಎಂದರು. ಕೊಟ್ರಿ ತಲೆ ತಗ್ಗಿಸಿ ನಿಂತಿದ್ದಳು. ಅವಳಿಗೂ ಗೊತ್ತಿತ್ತೋ ಇಲ್ಲವೋ, ಕೇಳುವಂತಿರಲಿಲ್ಲ. ಇನ್ನು ನಾನು ಮೋಸ ಹೋಗುವವಳಲ್ಲ ಎಂದು ಅಂದೇ ಹಲ್ಲು ಕಚ್ಚಿದೆ.

ನಾಟಕಕ್ಕೆ ಹತ್ತು ಹನ್ನೊಂದು ದಿನ ಇತ್ತು. ಭಾನುವಾರ, ಹೊತ್ತೇರಿತ್ತು. ಮನೆಯಲ್ಲಿ ನಾನೊಬ್ಬಳೇ. ಮೀಸೆ ರೂಢಿಯಾಗಲಿ ಎಂದು ಮೇಷ್ಟ್ರು ಮನೆಗೇ ಕೊಟ್ಟು ಕಳಿಸಿದ್ದರು. ಅದನ್ನು ಅಂಟಿಸಿಕೊಂಡು, ಅಪ್ಪನ ಟವೆಲ್ಲು ತಲೆಗೆ ಸುತ್ತಿಕೊಂಡು ಕನ್ನಡಿಯ ಮುಂದೆ ಅಬ್ಬರಿಸುತ್ತಿದ್ದೆ. ಬಾಗಿಲಲ್ಲಿ ನೆರಳಾಯಿತು. ನೋಡಿದರೆ ಕೊಟ್ರಿ. ಓಡಿ ಬಂದವಳ ಹಾಗೆ ಏದುಸಿರು ಬಿಡುತ್ತಿದ್ದಳು.

"ಲೇ, ನಿನ್ ಜೊತಿ ಮಾತಾಡಬೇಕು. ಹೊರಗ ಬಾ."

ನನ್ನ ಕಣ್ಣು ಮೊದಲು ಹೋದದ್ದು ಅವಳ ಹಿಂದಕ್ಕೆ. ಎದುರು ಮನೆಯ ಗೋಡೆಯ ಮೂಲೆಯಲ್ಲಿ ಬಿಳಿ ಧೋತರದ ಅಂಚು ಕಾಣುತ್ತದೋ ಎಂದು ಹುಡುಕಿದೆ. ಕಾಣಲಿಲ್ಲ. ಚೆನ್ನಾಗಿ ಅಡಗಿದ್ದಾರೆ ಎಂದುಕೊಂಡೆ. ಗದ್ದ ಎತ್ತಿ, ಹೊಟ್ಟೆಯಿಂದ ದನಿ ತೆಗೆದು, "ಎಡದಂಡೆಯ ನಾಯಕನೊಂದಿಗೆ ನಮಗೆ ಮಾತಿಲ್ಲ! ತೊಲಗು!" ಎಂದೆ.

"ಇದು ನಾಟಕ ಅಲ್ಲ ಲೇ. ಖರೇನ ಬಂದೀನಿ."

"ತೊಲಗು!"

ಬಾಗಿಲು ಹಾಕಿಬಿಟ್ಟೆ. ಸಂದಿಯಿಂದ ನೋಡಿದೆ. ಕೊಟ್ರಿಗೆ ಒಂದು ಅಭ್ಯಾಸವಿತ್ತು. ಏನು ಮಾಡಬೇಕೆಂದು ತೋಚದಿದ್ದಾಗ ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟು ಉಜ್ಜುತ್ತಿದ್ದಳು. ಹಾಗೆ ಉಜ್ಜುತ್ತ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಹೋದಳು. ನಾನು ಕನ್ನಡಿಯ ಮುಂದೆ ಬಂದು ಮೀಸೆ ತಿರುವಿಕೊಂಡೆ. ಈಗ ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಆದರೆ ಆಗ ಬಂದದ್ದು ಹೆಮ್ಮೆ.

ಮರುದಿನ ಕೊಟ್ರಿ ಶಾಲೆಗೆ ಬರಲಿಲ್ಲ. ತಾಲೀಮಿಗೆ ಹೋದವಳೇ ಮೇಷ್ಟ್ರಿಗೆ, "ನಿನ್ನಿ ಪರೀಕ್ಷೆದಾಗ ನಾನು ಪಾಸಾದೆ ಅಲ್ರಿ ಸಾರ್?" ಎಂದೆ.

"ಯಾವ ಪರೀಕ್ಷಿ?" ಎಂದರು ಅವರು. "ಕೊಟ್ರಮ್ಮ ಪಾರ್ಟು ಬಿಟ್ಟಾಳ. ಆಗಂಗಿಲ್ಲ ಅಂದ್ಲು. ಇನ್ನ ಎಡದಂಡಿ ಶಾರದಾಂದು. ಇವತ್ತಿನಿಂದ ಆಕಿ ಜೊತಿ ಮಾತು ಬಿಡು."

ಕೊಟ್ರಿಯನ್ನು ಅವರು ಕಳಿಸಿರಲಿಲ್ಲ. ತಾನಾಗಿ ಬಂದಿದ್ದಳು. ಏನು ಹೇಳಲು ಬಂದಿದ್ದಳು? ನಾನು ಅಟ್ಟಿದ್ದಕ್ಕೆ ಸಿಟ್ಟಾಗಿಯೇ ಪಾರ್ಟು ಬಿಟ್ಟಳು ಎಂದು ನಾನು ತೀರ್ಮಾನಿಸಿದೆ. ಓಡಿಹೋಗಿ ಕೇಳಿಬಿಡಬೇಕಿತ್ತು, ನಿಜ. ಆದರೆ ಪಾರ್ಟು ಬಿಟ್ಟವಳಿಗೆ ಕಟ್ಟಳೆ ಇದೆಯೋ ಇಲ್ಲವೋ? ಮೇಷ್ಟ್ರನ್ನೇ ಕೇಳಿದೆ. ಅವರು ಹಾರ್ಮೋನಿಯಮ್ಮಿನ ತಿದಿ ಸರಿಮಾಡುತ್ತ, "ಮದ್ಲ ನಾಟಕ ಮುಗೀಲಿ" ಎಂದರು. ನಿಜ ಹೇಳುತ್ತೇನೆ, ಕಟ್ಟಳೆಗಿಂತ ಹೆಚ್ಚಾಗಿ ನನ್ನನ್ನು ತಡೆದದ್ದು ಭಯ. ಅವಳ ಬಾಯಿಂದ ಏನು ಕೇಳಬೇಕಾಗುತ್ತದೋ ಎಂಬ ಭಯ. ಅವರ ಮನೆಯ ಸುದ್ದಿ ಗೊತ್ತಿದ್ದವಳು ಶಾರದಾ ಒಬ್ಬಳೇ. ಅವಳು ಈಗ ನನ್ನ ಶತ್ರು. ನಾನು ಕೇಳುವಂತಿಲ್ಲ, ಅವಳು ಹೇಳುವಂತಿಲ್ಲ. ಒಂದೆರಡು ಸಲ ಅವಳು ನನ್ನ ಮುಖ ನೋಡಿ ಬಾಯಿ ತೆರೆದು, ಮೇಷ್ಟ್ರ ಕಡೆ ನೋಡಿ ಮುಚ್ಚಿಕೊಂಡಳು.

ಎಂಟು ದಿನದ ಮೇಲೆ ಕೊಟ್ರಿ ಬಂದಳು. ಇಳಿದುಹೋಗಿದ್ದಳು. ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತಳು. ನನ್ನ ಕಡೆ ನೋಡಲಿಲ್ಲ. ನೋಡಿದಾಗ ನಾನು ನೋಡಲಿಲ್ಲ.

ನಾಟಕ ಮಧ್ಯಾಹ್ನ ಮೂರಕ್ಕೆ, ಶಾಲೆಯ ಬಯಲಿನಲ್ಲಿ ಶಾಮಿಯಾನ ಹಾಕಿ. ಭರ್ಜರಿಯಾಗಿ ಆಯಿತು. ನನಗೆ ಶಿಳ್ಳೆ ಬಿತ್ತು. ಪರದೆ ಬಿದ್ದ ಕೂಡಲೆ ಮೇಷ್ಟ್ರು ಪೇಪರು ಹಾಸಿ ಮಂಡಕ್ಕಿ ಸುರಿದು, ನನ್ನನ್ನೂ ಶಾರದಾಳನ್ನೂ ಕೂರಿಸಿ ಒಬ್ಬರಿಗೊಬ್ಬರ ಕೈಯಿಂದ ತಿನ್ನಿಸಿದರು. "ಬಿಡಿಸೀನಿ. ಇನ್ನ ಎಷ್ಟು ಬೇಕಾದ್ರೂ ಮಾತಾಡ್ರಿ" ಎಂದರು. ಶಾರದಾಳ ಜೊತೆ ನನಗೆ ಮಾತು ಬಿಟ್ಟಿದ್ದು ಬರೀ ಹತ್ತು ದಿನ. ಅದಕ್ಕೂ ಮೊದಲು ಅವಳೊಂದಿಗೆ ನಾನೇನು ಬಹಳ ಮಾತಾಡಿದವಳೂ ಅಲ್ಲ. ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡು ಪರದೆಯ ಸಂದಿಯಿಂದ ನೋಡಿದೆ. ಜನರೆಲ್ಲ ಎದ್ದು ಹೋಗುತ್ತಿದ್ದರು. ಬೇವಿನ ಮರದ ಬುಡದಲ್ಲಿ ಕೊಟ್ರಿ ಕೂತಿದ್ದಳು. "ಮತ್ತ ನಂದೂ ಕೊಟ್ರಿದೂ ಸಾರ್?" ಎಂದು ಕೇಳಲು ತಿರುಗಿದೆ. ಮೇಷ್ಟ್ರು ಬಸ್ಸಿಗೆ ಹೊತ್ತಾಯಿತೆಂದು ಹಾರ್ಮೋನಿಯಂ ಕಟ್ಟುತ್ತಿದ್ದರು. ಮತ್ತೆ ನೋಡುವಷ್ಟರಲ್ಲಿ ಮರದ ಬುಡದಲ್ಲಿ ಯಾರೂ ಇರಲಿಲ್ಲ.

ಆಮೇಲೆ ಪರೀಕ್ಷೆಯ ಗಡಿಬಿಡಿ. ದಿನಾ ಬೆಳಿಗ್ಗೆ ಒಂದು ವಾಕ್ಯ ಸಿದ್ಧಮಾಡಿಕೊಂಡು ಹೋಗುತ್ತಿದ್ದೆ. "ಕೊಟ್ರಿ, ಗಣಿತದ ನೋಟ್ಸ್ ಕೊಡ್ತೀಯಾ?" ಎನ್ನುವಷ್ಟೇ ಸಾದಾ ವಾಕ್ಯ. ನಾಟಕದ ನಾಲ್ಕು ಪುಟದ ಮಾತು ನೀರಿನಂತೆ ಹೇಳಿದವಳಿಗೆ ಅದೊಂದು ಸಾಲು ಹೊರಡಲಿಲ್ಲ. ಬೇಸಿಗೆಯಲ್ಲಿ ಅವರಪ್ಪ ಸೈಕಲ್ ಶಾಪು ಮಾರಿ, ಹೆಂಡತಿಯ ತವರಿನ ಕಡೆ ಹೋದರು ಎಂದು ಕೇಳಿದೆ. ಅಲ್ಲಿಗೆ ಮುಗಿಯಿತು.

ಮುಗಿಯಿತು ಎಂದರೆ ನನ್ನೊಳಗೆ ಮುಗಿಯಲಿಲ್ಲ. ಕಾಲೇಜಿನಲ್ಲಿ, ಆಮೇಲೆ ನಾಟಕ ಕಲಿಯಲು ಹೋದಾಗ, ಮದುವೆಯಾಗಿ ಸಂಸಾರ ಹೂಡಿದಾಗ, ಯಾರಾದರೂ ಬಾಗಿಲು ಬಡಿದರೆ ಎದೆ ಹಾರುತ್ತಿತ್ತು. ಅವಳು ಏನು ಹೇಳಲು ಬಂದಿದ್ದಳು? ಒಳ್ಳೆಯ ಸುದ್ದಿಗೆ ಯಾರೂ ಹಾಗೆ ಏದುಸಿರು ಬಿಡುತ್ತ ಬರುವುದಿಲ್ಲ.

ಇಷ್ಟೆಲ್ಲ ಆದವಳು ಮುಂದೆ ಏನು ಮಾಡಿರಬಹುದು ಹೇಳಿ? ನಾಟಕದ ಮಿಸ್ಸಾಗಿ ಅದೇ ಕಟ್ಟಳೆಯನ್ನು ನನ್ನ ಮಕ್ಕಳ ಮೇಲೆ ಹೇರಿದೆ. ಹೇಳಲು ನಾಚಿಕೆಯಾಗುತ್ತದೆ. ನಾಟಕ ಕಲಿಯುವಾಗ ದೊಡ್ಡ ದೊಡ್ಡವರು, ಭಾವನೆಯನ್ನು ಬದುಕಿನಿಂದಲೇ ತರಬೇಕು ಎಂದು ಪಾಠ ಮಾಡಿದರು. ಅಯ್ಯೋ, ಇದನ್ನು ನಮ್ಮ ಮೇಷ್ಟ್ರು ಮಂಡಕ್ಕಿ ಪೇಪರಿನಲ್ಲೇ ಕಲಿಸಿದ್ದರಲ್ಲ ಎಂದು ಬೀಗಿದೆ. ಕಟ್ಟಳೆ ಪ್ರತಿಸಲ ಕೆಲಸ ಮಾಡುತ್ತಿತ್ತು. ಹತ್ತು ದಿನ ಮಾತು ನಿಲ್ಲಿಸಿದರೆ ಎಂಥ ಪೆದ್ದು ಮಕ್ಕಳ ಕಣ್ಣಲ್ಲೂ ಕಿಡಿ ಬರುತ್ತಿತ್ತು. ಒಂದು ಎಚ್ಚರ ಮಾತ್ರ ತಪ್ಪದೆ ವಹಿಸುತ್ತಿದ್ದೆ. ನಾಟಕ ಮುಗಿದ ಕೂಡಲೆ ಬಣ್ಣ ಒರೆಸುವ ಮೊದಲೇ ಇಬ್ಬರನ್ನೂ ಕೂರಿಸಿ ಬಿಡಿಸುತ್ತಿದ್ದೆ. ಮೇಷ್ಟ್ರು ಮಾಡಿದ ತಪ್ಪು ಬಿಡಿಸಲು ಮರೆತದ್ದೊಂದೇ ಎಂದು ನನ್ನ ಎಣಿಕೆಯಾಗಿತ್ತು.

ಎರಡು ಸಾವಿರದ ದಶಕ ಮುಗಿಯುತ್ತ ಬಂದ ಒಂದು ಬೇಸಿಗೆ. ಹಗರಿಬೊಮ್ಮನಹಳ್ಳಿಯಲ್ಲಿ ಶಿಬಿರ. ಸಿಂಧು, ಪವಿತ್ರಾ ಎಂಬ ಇಬ್ಬರು ಹುಡುಗಿಯರಿಗೆ ಶತ್ರು ಪಾರ್ಟು ಕೊಟ್ಟು ಬಾಯಿ ಕಟ್ಟಿಸಿದ್ದೆ. ಹನ್ನೊಂದು ಹನ್ನೆರಡು ವಯಸ್ಸಿನ, ಅಕ್ಕಪಕ್ಕದ ಮನೆಯ ಮಕ್ಕಳು. ಒಂಬತ್ತನೇ ದಿನ ಬೆಳಿಗ್ಗೆ ತಾಲೀಮಿನ ನಡುವೆ ಒಬ್ಬ ಹೆಂಗಸು ಕೊಡೆ ಮಡಿಸುತ್ತ ಸೀದಾ ಒಳಗೆ ಬಂದರು. ದಪ್ಪಗಿನ ಮೈ, ಕನ್ನಡಕ. ಸಿಂಧುವಿನ ತಾಯಿ ಎಂದು ಯಾರೋ ಮಗು ಪಿಸುಗುಟ್ಟಿತು.

"ನನ್ನ ಮಗಳು ಒಂಬತ್ತು ದಿನದಿಂದ ಪಕ್ಕದ ಮನಿ ಹುಡುಗಿ ಜೊತಿ ಮಾತು ಬಿಟ್ಟಾಳ" ಎಂದರು. "ಆ ಹುಡುಗಿ ನಿನ್ನಿ ನಮ್ಮ ಬಾಗಿಲಾಗ ಬಂದು ನಿಂತ್ರ ಈಕಿ ಮಾರಿ ತಿರುವಿ ಒಳಗ ಹೋದ್ಲು. ಕೇಳಿದ್ರ ಮಿಸ್ಸು ಬಿಡಿಸಬೇಕು ಅಂತಾಳ."

ನಾನು ತಯಾರಾಗಿದ್ದ ಉತ್ತರ ಶುರುಮಾಡಿದೆ. "ಅದು ಹಂಗಲ್ರಿ, ಅಭಿನಯಕ್ಕೆ..."

"ಮಿಸ್ಸಿನ ಹೆಸರೇನು ಅಂತ ಮಗಳಿಗೆ ನಾನು ಕೇಳಲೇ ಇಲ್ಲ. ಕೇಳಾಕ ಬೇಕಾಗಿದ್ದಿಲ್ಲ. ಈ ಕೆಲಸ ಮಾಡೋಳು ಇನ್ನೊಬ್ಬಾಕಿ ಯಾರದಾಳ?" ಎಂದು, ಚಪ್ಪಲಿ ಕಳಚಿ, ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟು ಉಜ್ಜಿದರು.

"ಕೊಟ್ರಿ" ಎಂದೆ. ಎಷ್ಟೋ ವರ್ಷ ಸಿದ್ಧಮಾಡಿಕೊಂಡಿದ್ದ ವಾಕ್ಯಗಳಲ್ಲಿ ಹೊರಬಂದದ್ದು ಅಷ್ಟೇ.

"ಹ್ಞೂಂ. ಮದ್ಲು ಆ ಹುಡುಗ್ರನ್ನ ಬಿಡಿಸು."

ಇಬ್ಬರನ್ನೂ ಕರೆದೆ. "ಸಾಕ್ರವ್ವ. ಇನ್ನ ಮಾತಾಡ್ರಿ" ಎಂದೆ. ಸಿಂಧು ಹುಬ್ಬು ಗಂಟಿಕ್ಕಿ, "ನಾಟಕ ಇನ್ನೂ ಮುಗಿದಿಲ್ಲಲ್ಲ ಮಿಸ್. ಈಗ ಮಾತಾಡಿದ್ರ ನನ್ನ ಸಿಟ್ಟು ಹೋಗ್ತೈತಿ" ಎಂದಳು. ಆ ಗದ್ದ ಎತ್ತಿದ ರೀತಿ ನೋಡಿ ನನಗೆ ಭಯವಾಯಿತು. ಕೊಟ್ರಿ ನನ್ನ ಕಡೆ ನೋಡಿ, "ನನ್ನ ಹೊಟ್ಟ್ಯಾಗ ಹುಟ್ಟಿ ನಿನ್ನಂಗ ಆಗ್ಯಾಳ" ಎಂದಳು. ಪವಿತ್ರಾ ಮಾತ್ರ ಕಾಯಲಿಲ್ಲ. ಒಂಬತ್ತು ದಿನದ್ದೆಲ್ಲ ಒಮ್ಮೆಗೇ ಬಂತು.

"ನಿಮ್ಮ ಬೆಕ್ಕು ನಮ್ಮ ಅಟ್ಟದಾಗ ಮರಿ ಹಾಕೈತಿ. ನಾಕು ದಿನ ಆತು. ಹೇಳಾಕಂತ ಬಂದ್ರ ನೀ ಮಾರಿ ತಿರುವಿದಿ. ನಮ್ಮಪ್ಪ ಹೊರಗ ಹಾಕ್ತೀನಿ ಅನ್ನಾಕತ್ತಾನ, ನಾನು ಅತ್ತು ಅತ್ತು ಇಟ್ಕೊಂಡೀನಿ."

ಸಿಂಧು ತುಟಿ ಬಿಗಿಹಿಡಿದು ನಿಂತಿದ್ದಳು. ಆಮೇಲೆ ಸಣ್ಣಗೆ ಕೇಳಿದಳು. "ಎಷ್ಟು ಮರಿ?"

"ಮೂರು. ಒಂದಕ್ಕ ಬಾಲ ಅರ್ಧ ಐತಿ."

ಇಬ್ಬರೂ ಓಡಿಯೇಬಿಟ್ಟರು. ಅವತ್ತಿನ ತಾಲೀಮು ಅಲ್ಲಿಗೆ ಮುಗಿಯಿತು. ಉಳಿದ ಮಕ್ಕಳೂ ಬೆಕ್ಕಿನ ಮರಿ ನೋಡಲು ಹೋದವು.

ಖಾಲಿ ಹಾಲಿನಲ್ಲಿ ಮಕ್ಕಳ ಜಮಖಾನೆಯ ಮೇಲೆ ನಾವಿಬ್ಬರೂ ಕೂತೆವು. ಅವಳು ಕೊಡೆಯ ಹಿಡಿ ತಿರುಗಿಸುತ್ತಿದ್ದಳು. ಫ್ಯಾನಿನ ಗಾಳಿಗೆ ನನಗೆ ಚಳಿಯಾಗುತ್ತಿತ್ತು. ಬೇಸಿಗೆಯಲ್ಲಿ ಚಳಿಯಾಗುವುದು ಎಂಥ ಭಯ ಎಂದು ಅನುಭವಿಸಿದವರಿಗೆ ಗೊತ್ತು.

"ಅವತ್ತು ಏನು ಹೇಳಾಕ ಬಂದಿದ್ದಿ?" ಎಂದು ಕೇಳಿದೆ.

ಯಾವತ್ತು ಎಂದು ಅವಳು ಕೇಳಲಿಲ್ಲ.

"ನಮ್ಮವ್ವನ್ನ ಮಧ್ಯಾಹ್ನದ ಬಸ್ಸಿಗೆ ದಾವಣಗೆರಿಗೆ ಕರ್ಕೊಂಡು ಹೊಂಟಿದ್ರು. ಹೊಟ್ಟ್ಯಾಗ ಗಡ್ಡಿ ಆಗೈತಿ, ಕೊಯ್ಯಬೇಕು, ಉಳಿಯೋದು ಹೇಳಾಕ ಬರಂಗಿಲ್ಲ ಅಂತ ಅಪ್ಪ ನಮ್ಮ ಕಾಕಾಗ ಹೇಳಾಕತ್ತಿದ್ದ. ನಾ ಮಲಗೀನಿ ಅಂತ ತಿಳ್ಕೊಂಡಿದ್ದ. ನನಗ ಎಲ್ಲಾ ಕೇಳಿಸ್ತು. ಎದ್ದಾಕಿ ಮದ್ಲು ಎಲ್ಲಿಗೆ ಹೋದೆ ಗೊತ್ತೈತೇನು? ಮೇಷ್ಟ್ರ ರೂಮಿಗೆ. ಪಾರ್ಟು ಬಿಡ್ತೀನಿ ಸಾರ್ ಅಂದೆ. ಯಾಕ ಅಂದ್ರು. ಆಗಂಗಿಲ್ಲ ಅಂದೆ."

"ಅವ್ವನ ಸಲುವಾಗಿ..." ಎಂದೆ.

"ಅವ್ವನ ಸಲುವಾಗಿ ಅಲ್ಲ ಲೇ. ಪಾರ್ಟು ಮಾಡಬೌದಿತ್ತು. ಆ ಪಾರ್ಟು ನನಗ ಭಾಳ ಸೇರಿತ್ತು. ಪಾರ್ಟು ಇಲ್ಲಂದ್ರ ನಾವು ಶತ್ರು ಅಲ್ಲ ಅಲ್ಲ? ನಿನ್ ಜೊತಿ ಮಾತಾಡಬೌದು ಅಂತ ಬಿಟ್ಟೆ. ಬಿಟ್ಟು ಅಲ್ಲಿಂದ ನಿಮ್ಮ ಮನಿ ತನ ಓಡಿ ಬಂದೆ."

ಅವಳು ಮುಂದುವರಿಸಿದಳು. "ಅವ್ವ ಉಳಿದ್ಲು ಬಿಡು. ಈಗ್ಲೂ ಅದಾಳ. ದಿನಾ ನನ್ನ ಸಾರಿಗೆ ಹೆಸರಿಡ್ತಾಳ." ಸ್ವಲ್ಪ ನಕ್ಕಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಆದ್ರ ಉಳಿತಾಳ ಅಂತ ಅವತ್ತು ಗೊತ್ತಿರ್ಲಿಲ್ಲಲ್ಲ. ಎಂಟು ದಿನ ತಮ್ಮನ್ನ ಕಟ್ಕೊಂಡು ಮನ್ಯಾಗ ಒಬ್ಬಾಕಿನ ಇದ್ದೆ. ನಾಟಕ ಮುಗಿದ ಮ್ಯಾಲಾದ್ರೂ ಬರ್ತೀ ಅಂತ ಕುಂತಿದ್ದೆ. ನೀ ಮಂಡಕ್ಕಿ ತಿನ್ನಾಕತ್ತಿದ್ದಿ."

ತಪ್ಪಾಯಿತು ಎಂದೆ. ಅತ್ತೆ. ನಾಟಕದ ಅಳು ಕಲಿಸುವವಳು ಮೂಗು ಸುರಿಸಿಕೊಂಡು ಅಸಹ್ಯವಾಗಿ ಅತ್ತೆ. "ಬಿಡು, ಸಣ್ಣೋರಿದ್ವಿ" ಎಂದಳು. ಹಾಗೆಂದಳು ನಿಜ. ಆದರೂ ಅದನ್ನು ಪೂರ್ತಿ ನಂಬುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಆವತ್ತಿನಿಂದ ಆ ಕಟ್ಟಳೆ ಬಿಟ್ಟೆ. ಈಗ ನನ್ನ ಶಿಬಿರದಲ್ಲಿ ಶತ್ರುಗಳು ಒಂದೇ ಡಬ್ಬಿಯಲ್ಲಿ ಉಂಡು, ಕೈ ತೊಳೆದು, ಯುದ್ಧಕ್ಕೆ ಬರುತ್ತಾರೆ. ಅರ್ಧ ಯುದ್ಧದಲ್ಲಿ ಕಿಸಕ್ಕನೆ ನಗುತ್ತಾರೆ. ನಾಟಕ ಮೊದಲಿಗಿಂತ ಸ್ವಲ್ಪ ಸಪ್ಪೆಯೇ ಆಗಿದೆ, ಮುಚ್ಚಿಡುವುದೇಕೆ? ಕೊಟ್ರಿಯೂ ನಾನೂ ಹಬ್ಬ ಹುಣ್ಣಿಮೆಗೆ ಫೋನು ಮಾಡಿಕೊಳ್ಳುತ್ತೇವೆ. ಹಳೆಯ ಹಾಗಲ್ಲ. ಮಳೆ, ಮಕ್ಕಳು, ಮಂಡಿನೋವು ಅಂತ ನಾಲ್ಕು ಮಾತಾಡಿ, ಇಬ್ಬರೂ ಒಮ್ಮೆಲೇ "ಇಡ್ಲಾ?" ಎನ್ನುತ್ತೇವೆ. ಪ್ರತಿಸಲ ಇಟ್ಟ ಮೇಲೆ ಏನೋ ಹೇಳದೆ ಉಳಿಯಿತು ಎಂದು ನನಗೆ ಕಸಿವಿಸಿಯಾಗುತ್ತದೆ.

ನಿನ್ನೆ ಹೊಸ ಶಿಬಿರದ ಮೊದಲ ತಾಲೀಮು. ಮಕ್ಕಳೆಲ್ಲ ಸಾಲಾಗಿ ನಿಂತಿದ್ದವು. ಫೋನು ಬಂತು. ಕೊಟ್ರಿ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ತಾಲೀಮಿನ ನಡುವೆ ಫೋನು ಎತ್ತಬಾರದು ಎಂಬುದು ನಾನೇ ಮಾಡಿದ ನಿಯಮ. ಎತ್ತಿದೆ.

"ಕೆಲಸದಾಗ ಇದ್ದೀಯೇನು?"

"ಇಲ್ಲ, ಹೇಳು."

"ಏನಿಲ್ಲ, ಸುಮ್ನ ಮಾಡಿದೆ. ಆಮ್ಯಾಲೆ ಮಾಡ್ತೀನಿ ಬಿಡು."

ದನಿ ಸುಮ್ಮನೆ ಮಾಡಿದವಳ ದನಿಯಾಗಿರಲಿಲ್ಲ. ಅಥವಾ ನನಗೆ ಹಾಗೆ ಕೇಳಿಸಿತು. ನನ್ನ ಕಿವಿಯನ್ನು ನಾನೂ ಪೂರ್ತಿ ನಂಬುವುದಿಲ್ಲ. ಮಕ್ಕಳಿಗೆ ಹೊರಗೆ ಆಡಿಕೊಳ್ಳಿ ಎಂದು ಕೈಸನ್ನೆ ಮಾಡಿದೆ. ಮೆಟ್ಟಿಲ ಮೇಲೆ ಬಂದು ಕೂತೆ.

"ಇಡಬ್ಯಾಡ ಕೊಟ್ರಿ" ಎಂದೆ. "ನಾನು ಹೊರಗ ಬಂದು ಕುಂತೀನಿ. ನೀ ಹೇಳು."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಅವಳು ಹೇಳತೊಡಗಿದಳು.